ತಂಗಿ ಎಂದ ತಪ್ಪಿಗೆ

ಮೊನ್ನೆ ರಾಣೆಬೆನ್ನೂರಿನಿಂದ ಹಾವೇರಿಗೆ ಬರುವ ಬಸ್ಸಿನಲ್ಲಿ ಮೂವತ್ತರ ಆಸುಪಾಸಿನ ಕಂಡಕ್ಟರ್ ಒಬ್ಬ, ತಲೆಯೆಲ್ಲ ಬೆಳ್ಳಗಾದ ಹೆಂಗಸಿಗೆ "ತಂಗಿ, ಒಳಗ ಸರಿ" ಎಂದ. ಆಕೆ ನಕ್ಕು ಸರಿದಳು. ನಮ್ಮ ಕಡೆ ತಂಗಿ ಎನ್ನುವುದಕ್ಕೆ ಯಾರೂ ವಯಸ್ಸು ನೋಡುವುದಿಲ್ಲ, ಅದು ಪುಕ್ಕಟೆ ಮಾತು. ಆದರೆ ಅದೇ ಮಾತಿಗೆ ಒಬ್ಬಾಕೆ ತನಗಿದ್ದ ಒಂದೇ ಮನೆಯನ್ನು ಕಳೆದುಕೊಳ್ಳುವುದರಲ್ಲಿದ್ದದ್ದನ್ನು ನಾನು ನೋಡಿದ್ದೇನೆ.

ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿಗಳ ಸಾಲು ಮುಗಿದ ಮೇಲೆ ಒಂದು ಓಣಿ. ಅಲ್ಲಿ ಶಾರದಮ್ಮನ ಮನೆ. ಆಕೆ ಗುರು, ಉಳಿದ ಮಂಗಳಮುಖಿಯರು ಆಕೆಯ ಚೇಲಾಗಳು, ಅಂದರೆ ಮಕ್ಕಳು. ವರ್ಷಗಳ ಹಿಂದೆ ಪತ್ರಿಕೆಯ ವರದಿಯೊಂದರ ನೆಪದಲ್ಲಿ ಹೋದವನು ಚಹಾದ ನೆಪದಲ್ಲಿ ಮತ್ತೆ ಮತ್ತೆ ಹೋಗತೊಡಗಿದ್ದೆ. ಹೆಸರಿನ ಮುಂದೆ ಕಂಸದಲ್ಲಿ ವಯಸ್ಸು ಬರೆಯದಿದ್ದರೆ ಮನುಷ್ಯನೇ ಪೂರ್ತಿಯಾಗಲಿಲ್ಲ ಎಂದು ನಂಬುವ ವೃತ್ತಿ ನನ್ನದು. ಮೊದಲ ದಿನ ಎಲ್ಲರ ವಯಸ್ಸು ಕೇಳಿದಾಗ ಮನೆಯೇ ನಕ್ಕಿತು. "ಯಾವ ವಯಸ್ಸು ಬರ್ಕೋತೀರಿ?" ಎಂದಳು ಶಾರದಮ್ಮ. "ಹಡೆದಾಕಿ ಲೆಕ್ಕನೋ, ಗುರುವಿನ ಲೆಕ್ಕನೋ?"

ಅಲ್ಲಿ ಹಿರಿತನ ಹುಟ್ಟಿದ ದಿನದಿಂದಲ್ಲ, ಗುರು ಕೈಹಿಡಿದು ಒಳಗೆ ಕರೆದುಕೊಂಡ ದಿನದಿಂದ. ಮಾಲಾ ಹದಿನೈದಕ್ಕೇ ಬಂದವಳು. ಇನ್ನೂ ಮೂವತ್ತಾಗಿರಲಿಲ್ಲ, ಆದರೆ ಗುರುವಿನ ನಂತರ ಅವಳೇ ದೊಡ್ಡವಳು. ಚಂದ್ರಿಗೆ ಐವತ್ತು ದಾಟಿತ್ತು. ಕುಮಾರಪಟ್ಟಣದ ಕಡೆ ಲಾರಿಗಳಿಗೆ ಲೋಡು ಹೊತ್ತು, ಮಗಳ ಮದುವೆ ಮುಗಿಸಿ, ಆಮೇಲೆ ಸೀರೆ ಉಟ್ಟು ಬಂದವಳು. ಅವಳೇ ಮನೆಯ ಕಿರಿಯಳು. ದಿನಾ ಬೆಳಿಗ್ಗೆ ಮಾಲಾಳ ಎದುರು ಬಾಗಿ, ಕಾಲು ಮುಟ್ಟಿ, "ಪಾಂಪಡ್ತಿ ಅಕ್ಕಾ", ಅಂದರೆ ನಿನ್ನ ಕಾಲಿಗೆ ಬಿದ್ದೆ, ಎನ್ನಬೇಕು. ಮಾಲಾ "ಜೀತಿ ರಹೋ" ಎಂದು ಹರಸಬೇಕು. ಹರಸುವ ತನಕ ಬಾಗಿದವಳು ಮೇಲೇಳುವಂತಿಲ್ಲ. ನನಗೆ ಒಳಗೊಳಗೇ ನಗು. ನನಗಿಂತ ಎರಡು ತಿಂಗಳು ಮೊದಲು ಕೆಲಸಕ್ಕೆ ಸೇರಿದವನಿಗೆ ಕಿಟಕಿ ಪಕ್ಕದ ಮೇಜು ಸಿಕ್ಕಿತೆಂದು ವರ್ಷಗಟ್ಟಲೆ ಕೊರಗಿದವನು ನಾನು ಎಂಬುದು ಆಗ ನೆನಪಾಗಲಿಲ್ಲ.

ಬ್ಯಾಡಗಿ ಪೇಟೆಯ ಯಾವ ಅಂಗಡಿ ಸಾಲಿಗೆ ಯಾವ ಮನೆಯವರು ಕಾಸು ಕೇಳಲು ಹೋಗಬೇಕು ಎಂಬ ಮಾತು ಆ ವರ್ಷ ಎದ್ದಿತ್ತು. ಹಾವೇರಿಯಲ್ಲಿದ್ದ ಇಂಥದೇ ಇನ್ನೊಂದು ಮನೆಯ ಹಿರಿಯರೂ ಇವರೂ ಬ್ಯಾಡಗಿಯಲ್ಲೇ ಮಾತಿಗೆ ಕೂತರು. ಮಾತು ಏರಿತು, ಮಾಲಾ ಎದ್ದು ನಿಂತು ಹೊಡೆಯಲು ಕೈ ಎತ್ತಿದಳಂತೆ. ಆಗ ಪಕ್ಕದಲ್ಲಿದ್ದ ಚಂದ್ರಿ ಅವಳ ಮಣಿಕಟ್ಟು ಹಿಡಿದು, "ತಂಗಿ, ಸಾಕು ಬಿಡು" ಎಂದುಬಿಟ್ಟಳು. ಜಗಳ ಅಲ್ಲಿಗೇ ನಿಂತಿತು. ಆದರೆ ಹಾವೇರಿಯ ಹಿರಿಯಳು ನಕ್ಕು ಕೇಳಿದಳು: "ನಿಮ್ಮ ಮನ್ಯಾಗ ದೊಡ್ಡಾಕಿ ಯಾರವಾ?"

ಮರುದಿನ ರಾಣೆಬೆನ್ನೂರಿನ ಮನೆಯಲ್ಲಿ ಪಂಚಾಯ್ತಿ. ಶಾರದಮ್ಮ ನನಗೆ, "ಕುಂದ್ರಿ, ಆದ್ರ ಬರಿಬ್ಯಾಡ್ರಿ" ಎಂದಳು. ಪೆನ್ನು ಕಿಸೆಗೆ ಹೋಯಿತು. ಮಾಲಾ ಕೇಳಿದ್ದು ಒಂದೇ, ಚಂದ್ರಿಗೆ ನೀರು ಬಂದ್ ಮಾಡಬೇಕು. ಹಾಗಾದರೆ ಯಾರೂ ಅವಳೊಂದಿಗೆ ಮಾತಾಡುವುದಿಲ್ಲ, ಕುಡಿಯಲು ನೀರು ಕೊಡುವುದಿಲ್ಲ. ಸುತ್ತಿನ ಯಾವ ಮನೆಯೂ ಅವಳಿಗೆ ಬಾಗಿಲು ತೆರೆಯುವುದಿಲ್ಲ. ಸ್ವಂತ ಮಗಳ ಬಾಗಿಲಂತೂ ಮೊದಲೇ ಮುಚ್ಚಿತ್ತು.

"ಆಕಿಗೆ ಐವತ್ತಾಗಿರಬಹುದು," ಎಂದಳು ಮಾಲಾ. ದನಿ ಏರಿಸಲಿಲ್ಲ, ಅದೇ ಹೆಚ್ಚು ಭಯ ಹುಟ್ಟಿಸಿತು. "ನಾ ಬೀದಿಯೊಳಗ ಏಟು ತಿನ್ನಾಕತ್ತಿದ್ದಾಗ ಈಕಿ ಎಲ್ಲಿದ್ದಳು? ಗಂಡಸಾಗಿ ಅಡ್ಡಾಡಿ, ಹೆಂಡ್ತಿ ಬಡಿದ ರೊಟ್ಟಿ ಉಣ್ಣಾಕತ್ತಿದ್ದಳು."

"ಖರೇ ಐತಿ," ಎಂದಳು ಚಂದ್ರಿ. "ಸೊಕ್ಕಿನಿಂದ ಅಂದಿಲ್ಲಕ್ಕಾ. ಮಗಳನ್ನ ಹಂಗ ಕರೀತಿದ್ದೆ. ಬಾಯಿಗೆ ಅದ ಬಂತು."

ಶಾರದಮ್ಮ ತೀರ್ಮಾನ ಹೇಳುವ ಮೊದಲೇ ಚಂದ್ರಿ ಎದ್ದು ಬಂದು, ಗೋಡೆ ಹಿಡಿದು ಮೊಣಕಾಲೂರಿ, ಎರಡೂ ಕೈಯಿಂದ ಮಾಲಾಳ ಪಾದ ಮುಟ್ಟಿದಳು. "ಪಾಂಪಡ್ತಿ ಅಕ್ಕಾ."

ಮಾಲಾ ಹರಸಲಿಲ್ಲ. ಗೋಡೆ ನೋಡುತ್ತ ನಿಂತಳು. ಬಾಗಿದವಳು ಬಾಗಿಯೇ ಇದ್ದಳು. ಒಳಗೆ ಚಹಾ ಉಕ್ಕಿ ಸೀದ ವಾಸನೆ ಬಂತು, ಯಾರೂ ಎದ್ದು ಹೋಗಲಿಲ್ಲ. ವರದಿಗಾರನಾಗಿ ಗಲಾಟೆ, ಲಾಠಿ ಎಲ್ಲ ಕಂಡವನು ನಾನು. ಆ ಮೌನದಲ್ಲಿ ಮಾತ್ರ ಎದ್ದು ಹೊರಗೆ ಹೋಗಬೇಕೆನಿಸಿತು.

ಶಾರದಮ್ಮ ಕೊನೆಗೆ ಇಷ್ಟೇ ಹೇಳಿದಳು: "ದೊಡ್ಡಾಕಿ ಅನಿಸ್ಕೊಳ್ಳಾಕ ಇಷ್ಟು ಜಗಳ ತಗದಿ. ಈಗ ಆಗು."

ಮಾಲಾಳ ತುಟಿ ಅಲುಗಿತು. "ಜೀತಿ ರಹೋ" ಎಂದದ್ದು ಪಕ್ಕದಲ್ಲಿದ್ದವರಿಗಷ್ಟೇ ಕೇಳಿಸಿರಬೇಕು. ಆದರೆ ಚಂದ್ರಿ ಏಳಲಿಲ್ಲ. ಹಟವಲ್ಲ, ಮೊಣಕಾಲು ಹಿಡಿದುಕೊಂಡಿತ್ತು. ಗೋಡೆ ಹಿಡಿದರೂ ಏಳಲಾಗಲಿಲ್ಲ. ಮಾಲಾ ಒಂದು ಕ್ಷಣ ನೋಡಿದಳು, ಬಗ್ಗಿ ಅವಳ ಕಂಕುಳಿಗೆ ಕೈ ಹಾಕಿದಳು. "ಸಾವಕಾಶ ಏಳ್ರಿ," ಎಂದಳು.

ಏಳ್ರಿ. ದೊಡ್ಡವಳು ಸಣ್ಣವಳಿಗೆ 'ರಿ' ಹಚ್ಚಿ ಮಾತಾಡಿದ್ದಳು. ಆ ಮನೆಯ ಲೆಕ್ಕದಲ್ಲಿ ಅದೂ ತಪ್ಪೇ, ತಂಗಿ ಎಂದದ್ದಕ್ಕಿಂತ ಸಣ್ಣದೇನಲ್ಲ. ಎಲ್ಲರಿಗೂ ಕೇಳಿತ್ತು. ಎಲ್ಲರೂ ಶಾರದಮ್ಮನ ಮುಖ ನೋಡಿದರು. ಆಕೆ ಸೆರಗಿನಿಂದ ಕಿವಿ ಒರೆಸಿಕೊಂಡು, ಚಹಾ ಮತ್ತೆ ಇಡಲು ಹೇಳಿದಳು.

ಅದನ್ನು ನಾನು ಬರೆಯಲಿಲ್ಲ. ಬರೆದಿದ್ದರೂ ನಮ್ಮ ಸಂಪಾದಕರು, ಇದರಲ್ಲಿ ಸುದ್ದಿ ಎಲ್ಲಿದೆ ಎನ್ನುತ್ತಿದ್ದರು.

ಶಾರದಮ್ಮ ಈಗಿಲ್ಲ. ಮೊನ್ನೆ ಹಾವೇರಿಯಲ್ಲಿ ಬಸ್ಸಿಳಿದವನೇ ರಾಣೆಬೆನ್ನೂರಿನ ಮನೆಗೆ ಫೋನು ಮಾಡಿದೆ. ಎತ್ತಿದವಳು ಮಾಲಾ, ಆ ಮನೆಯ ಗುರು ಈಗ ಅವಳೇ. ಚಂದ್ರಿ ಹೇಗಿದ್ದಾಳೆ ಎಂದೆ. ಅಡುಗೆಮನೆಯಲ್ಲಿ ಕೂತು ಎಲ್ಲರನ್ನೂ ಬೈಯುತ್ತಿದ್ದಾಳೆ ಎಂದಳು. ಬಾಗುವ ಪದ್ಧತಿ ಮಾತ್ರ ಆ ಮನೆಯಲ್ಲಿ ನಿಂತಿದೆಯಂತೆ, ಬಾಯಲ್ಲಿ ಅಂದರೆ ಸಾಕು, ಯಾರೂ ಯಾರ ಕಾಲನ್ನೂ ಮುಟ್ಟುವಂತಿಲ್ಲ. ಕಾರಣ ಕೇಳಿದರೆ, ಚಂದ್ರಿಯ ಮೊಣಕಾಲು ಎಂದು ಒಣದನಿಯಲ್ಲಿ ಹೇಳಿದಳು.

ಹಾವೇರಿಯವರು ಒಪ್ಪಿದರೇ ಎಂದು ಕೇಳಿದೆ. ಆ ಮನೆಯವರು ಇದೇ ಕಾರಣಕ್ಕೆ ಇವರ ಮನೆಗೇ ನೀರು ಬಂದ್ ಮಾಡುವ ಮಾತಾಡುತ್ತಿದ್ದಾರೆಂದು ನನ್ನ ಕಿವಿಗೂ ಬಿದ್ದಿತ್ತು.

"ಬಂದು ಕೇಳ್ತಾರಂತ," ಎಂದಳು ಮಾಲಾ. "ಕೇಳ್ಲಿ ಬಿಡ್ರಿ. ಹೇಳಾಕ ನಾ ಅದೇನಿ."