ಬಿಳಿ ಸೀರೆಯ ಮುಖ್ಯಾಧ್ಯಾಪಕಿ

ಆ ಸಭೆಯನ್ನು ನೆನೆದಾಗಲೆಲ್ಲ ಕಿಟಕಿಯಾಚೆ ಧೋ ಎಂದು ಮಳೆ ಸುರಿಯುತ್ತಿರುತ್ತದೆ. ಆದರೆ ಸಭೆ ನಡೆದದ್ದು ಏಪ್ರಿಲಿನಲ್ಲಿ, ಪರೀಕ್ಷೆ ಮುಗಿದ ಮೇಲೆ. ಆ ವರ್ಷ ಅಷ್ಟರೊಳಗೆ ಶಿರಸಿಯಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಆದ್ದರಿಂದ ಮಳೆಯನ್ನು ಇಲ್ಲಿಂದ ತೆಗೆದುಹಾಕಿದ್ದೇನೆ. ಉಳಿದದ್ದರಲ್ಲಿ ಎಷ್ಟು ನಂಬಬಹುದೋ ನನಗೂ ಗೊತ್ತಿಲ್ಲ. ಅಲ್ಲಿ ಆಡಿದ ಮಾತುಗಳನ್ನು ಮಾತ್ರ ನಂಬಬಹುದು. ಅಂಥವನ್ನು ಕಟ್ಟುವಷ್ಟು ಕಲ್ಪನೆ ನನಗಿಲ್ಲ.

ನಾನು ಕಲಿಸುತ್ತಿದ್ದದ್ದು ಚರ್ಚಿನವರ ಒಂದು ಪ್ರಾಥಮಿಕ ಶಾಲೆಯಲ್ಲಿ. ಪ್ರೊಟೆಸ್ಟಂಟರ ಶಾಲೆ, ಅಲ್ಲಿ ಸನ್ಯಾಸಿನಿಯರೂ ಇರಲಿಲ್ಲ, ಅದು ಕಾನ್ವೆಂಟೂ ಆಗಿರಲಿಲ್ಲ. ಊರು ಅದನ್ನು ಕಾನ್ವೆಂಟ್ ಎಂದೇ ಕರೆಯಿತು. ಮುಖ್ಯಾಧ್ಯಾಪಕಿಯಾಗಿದ್ದವರು ಮಂಗಳೂರು ಕಡೆಯವರು, ಮದುವೆಯಾದವರಲ್ಲ, ಸದಾ ಇಸ್ತ್ರಿ ಕೆಡದ ಬಿಳಿ ಸೀರೆ ಉಡುತ್ತಿದ್ದರು. ತಾನು ಸಿಸ್ಟರ್ ಅಲ್ಲ ಎಂದು ಅವರು ವರ್ಷಗಟ್ಟಲೆ ಹೇಳಿದರು. ಪಾಲಕರು ವರ್ಷಗಟ್ಟಲೆ “ಆಯ್ತು ಸಿಸ್ಟರ್” ಎಂದರು.

ಶಾಲೆಗೊಂದು ಧ್ಯೇಯವಿತ್ತು. ಆಡಳಿತ ಸಮಿತಿಯ ಪ್ರತಿ ಸಭೆಯೂ ಅದನ್ನು ಓದಿಯೇ ಶುರುವಾಗಬೇಕು: ಜಾತಿಮತ ನೋಡದೆ, ಬಡವ ಬಲ್ಲಿದ ಎನ್ನದೆ, ಕ್ರಿಸ್ತನ ಪ್ರೀತಿಯಲ್ಲಿ ಮಕ್ಕಳನ್ನು ಬೆಳೆಸುವುದು. ಜಾತಿಮತ ನಿಜಕ್ಕೂ ನೋಡುತ್ತಿರಲಿಲ್ಲ. ಬಡವರು ಮಾತ್ರ ನೋಡಲು ಸಿಗುತ್ತಿರಲಿಲ್ಲ. ಕ್ರೈಸ್ತರ ಮಕ್ಕಳು ತರಗತಿಗೆ ಒಂದೋ ಎರಡೋ. ಉಳಿದವರೆಲ್ಲ ಅಡಿಕೆ ತೋಟಿಗರ, ವ್ಯಾಪಾರಿಗಳ, ಆಫೀಸರುಗಳ ಮಕ್ಕಳು. ಹುಟ್ಟಿದಾರಭ್ಯ ಒಂದು ಕುರಿಯನ್ನೂ ಕಾಣದ ಆ ಮಕ್ಕಳು ದಿನಾ ಬೆಳಿಗ್ಗೆ ಕಣ್ಣು ಮುಚ್ಚಿ, ನಾವು ನಿನ್ನ ಕುರಿಗಳು ಎಂದು ಇಂಗ್ಲೀಷಿನಲ್ಲಿ ಹಾಡುತ್ತಿದ್ದವು. ಗೇಟಿನಾಚೆ ನಿಂತ ಅಪ್ಪಂದಿರ ಮುಖದಲ್ಲಿ ಮೋಕ್ಷ ಕಾಣುತ್ತಿತ್ತು.

ಸಮಿತಿಯ ಅಧ್ಯಕ್ಷರು ಚರ್ಚಿನ ಪಾಸ್ಟರು. ಹಾವೇರಿ ಕಡೆಯವರು, ಹಾರ್ಮೋನಿಯಂ ಹಿಡಿದು ಕನ್ನಡ ಕೀರ್ತನೆಗಳನ್ನು ಸೊಗಸಾಗಿ ಹಾಡುವವರು. ಒಮ್ಮೆ ಅವರು ಬೆಳಗಿನ ಪ್ರಾರ್ಥನೆಯನ್ನು ಕನ್ನಡಕ್ಕೆ ತಿರುಗಿಸಿದರು. ವಾರ ಕಳೆಯುವುದರೊಳಗೆ ಪಾಲಕರ ಪ್ರತಿನಿಧಿ ಹಾಜರಾದರು. ಇವರು ಹೆಗಡೆಕಟ್ಟಾದ ತೋಟಿಗರು, ಪೇಟೆಯಲ್ಲಿ ಅಡಿಕೆ ವ್ಯಾಪಾರ, ನನ್ನ ತವರಿನ ಕಡೆಯಿಂದ ದೂರದ ಅಣ್ಣ.

“ಇದು ನಮ್ಮ ಭಜನೆ ಥರಾನೇ ಆಯ್ತಲ್ಲ ಪಾಸ್ಟ್ರೇ. ಭಜನೆ ನಮ್ಮನೇಲೇ ಇದೆ. ನಿಮ್ಮ ದೇವ್ರಿಗೆ ಇಂಗ್ಲೀಷ್ ಬರೂದಿಲ್ವ?”

ಕುರಿಗಳು ಮರುದಿನವೇ ಇಂಗ್ಲೀಷಿಗೆ ಮರಳಿದವು.

ಬಿಳಿ ಸೀರೆಯವರು ನಿವೃತ್ತರಾಗಿ ಮಂಗಳೂರಿಗೆ ಹೋದಾಗ ಪಾಸ್ಟರು ನನ್ನನ್ನು ಕರೆದರು. “ಬರ್ರಿ ಟೀಚರ್, ಕುಂದರ್ರಿ. ಇನ್ನ ಮ್ಯಾಲ ಶಾಲೀ ನೀವ ನೋಡ್ಕೋಬೇಕು. ಸಭಾದಾಗ ನಾ ಹೇಳ್ತೇನಿ.”

ಆ ಹುದ್ದೆ ತಾನಾಗಿ ಒದಗಿ ಬಂತು ಎಂದು ವಿನಯದಿಂದ ಬರೆಯಬಹುದಿತ್ತು. ಬರೆಯುವುದಿಲ್ಲ. ನನಗೆ ಅದು ಬೇಕಿತ್ತು, ಬಹಳ ಬೇಕಿತ್ತು. ವೇಳಾಪಟ್ಟಿ ಹಾಕುವುದು, ತಪಾಸಣೆಗೆ ಬಂದ ಸಾಹೇಬರನ್ನು ಸಮಾಧಾನ ಮಾಡಿ ಕಳಿಸುವುದು, ಮಕ್ಕಳ ಪಾಯಖಾನೆಗೆ ನೀರು ಬರುವಂತೆ ನೋಡಿಕೊಳ್ಳುವುದು, ಎಲ್ಲವನ್ನೂ ಮೊದಲಿನಿಂದಲೂ ನಾನೇ ಮಾಡುತ್ತಿದ್ದೆ. ಹೆಸರೊಂದು ಬಾಕಿ ಇತ್ತು.

ಸಭೆಯಲ್ಲಿ ಇದ್ದದ್ದು ಪಾಸ್ಟರು, ಅಣ್ಣ, ಮತ್ತೆ ಚರ್ಚಿನ ಸಭಿಕರ ಪರವಾಗಿ ಒಬ್ಬ ಬೇಕರಿಯವರು. ಪ್ರಭಾರದಲ್ಲಿದ್ದ ನಾನು ನಡಾವಳಿ ಬರೆಯಲು ಕುಳಿತಿದ್ದೆ. ಧ್ಯೇಯವನ್ನು ಓದಿಯಾಯಿತು. ಪಾಸ್ಟರು ನನ್ನ ಹೆಸರು ಹೇಳಿದರು.

“ಇವ್ರಲ್ದೆ ಮತ್ಯಾರಿದಾರೆ? ಬರ್ಕೊಳಿ ಟೀಚರ್,” ಎಂದರು ಬೇಕರಿಯವರು.

ಅಣ್ಣ ಗಂಟಲು ಸರಿಮಾಡಿಕೊಂಡರು. “ಕೆಲಸದ ಬಗ್ಗೆ ಎರಡು ಮಾತಿಲ್ಲ. ಆದ್ರೆ ಚರ್ಚಿನ ಶಾಲೆ ಅಂದ್ಮೇಲೆ ಒಂದು ಕ್ರಿಶ್ಚನ್ ವಾತಾವರಣ ಬೇಕಲ್ವ? ನಾವು ಅದಕ್ಕೇ ತಾನೇ ಮಕ್ಕಳನ್ನ ಕಳಿಸೂದು?”

ಪಾಸ್ಟರು ಕನ್ನಡಕ ತೆಗೆದು ಒರೆಸಿದರು. “ಹೆಡ್ ಮೇಡಂ ಕ್ರಿಶ್ಚನ್ನರ ಇರಬೇಕಂತ ನಮ್ಮ ನಿಯಮದಾಗೂ ಇಲ್ರಿ. ಪ್ರೀತಿ ಇರಬೇಕಂತೈತಿ.”

“ಪ್ರೀತಿ ಕಣ್ಣಿಗೆ ಕಾಣೂದಿಲ್ಲ ಪಾಸ್ಟ್ರೇ. ಸೀರೆ ಕಾಣ್ತದೆ.”

ಆಮೇಲೆ ಅವರು ವಿವರಿಸಿದರು. ಮತ್ತಿಘಟ್ಟದಿಂದ, ಸಿದ್ದಾಪುರದಿಂದ ಜನ ಮಕ್ಕಳನ್ನು ಶಿರಸಿಯ ನೆಂಟರ ಮನೆಯಲ್ಲಿಟ್ಟು ಈ ಶಾಲೆಗೆ ಸೇರಿಸಲು ಬರುತ್ತಾರೆ. ಆಫೀಸಿನೊಳಗೆ ಕಾಲಿಟ್ಟ ಕೂಡಲೇ ಅವರಿಗೆ ಬೇರೆ ಯಾವುದೋ ದೇಶಕ್ಕೆ ಬಂದ ಹಾಗೆ ಆಗಬೇಕು. ಅಲ್ಲಿ ನಾನು ಕುಳಿತಿದ್ದರೆ? ಅಣ್ಣ ನನ್ನ ಕಡೆ ತಿರುಗಿದರು. ಮನೆಮಾತಿಗೆ ಇಳಿದರೆ ಉಳಿದವರಿಗೆ ಕೇಳಿಸುವುದಿಲ್ಲ ಎಂಬ ನಂಬಿಕೆ ನಮ್ಮವರಲ್ಲಿ ಬಹಳ ಹಳೆಯದು.

“ತಂಗೀ, ಬೇಜಾರ ಮಾಡ್ಕಳಡ. ನಿನ್ನ ನೋಡಿರೆ ಎಲ್ಲರಿಗೂ ಅವರವರ ದೊಡ್ಡಾಯಿ ನೆನಪಾಗ್ತು. ದೊಡ್ಡಾಯಿ ಹತ್ರ ಇಂಗ್ಲೀಷ್ ಕಲಿಯಲೆ ಫೀ ಎಂತಕ್ಕೆ ಕೊಡವು ಹೇಳಿ ಕೇಳ್ತ.”

“ಹಂಗಾರೆ ಎಂತ ಮಾಡವು ಅಣ್ಣ?”

“ಒಂದು ಉಪಾಯ ಇದ್ದು. ಬಿಳಿ ಸೀರೆ ಉಡು. ಕುಂಕುಮ ಇಲ್ದೇ ಹೋದ್ರೂ ಅಡ್ಡಿಲ್ಲೆ. ಕರಿಮಣಿ ಸೆರಗಿನ ಒಳಗೆ ಇದ್ರಾತು.”

“ನಮ್ಮನೆಯವ್ರಿಗೆ ಇನ್ನೂ ಎಂತೂ ಆಜಿಲ್ಲೆ ಅಣ್ಣ.”

“ಅಯ್ಯೋ, ಶಾಲೆ ಹೊತ್ನಲ್ಲಿ ಮಾತ್ರ ಹೇಳಿದ್ದು ಆನು!”

ಹೀಗೆ ಹೇಳಿದವರ ಮನೆಯಲ್ಲಿ ಮುತ್ತೈದೆಯೊಬ್ಬಳು ಬೋಳು ಹಣೆಯಲ್ಲಿ ಹೊಸ್ತಿಲು ದಾಟಿದರೆ ಮೂರು ತಲೆಮಾರಿನವರು ಒಟ್ಟಿಗೆ ಕೂಗುತ್ತಾರೆ. ಹತ್ತು ಗಂಟೆಯಿಂದ ನಾಲ್ಕೂವರೆವರೆಗಿನ ವೈಧವ್ಯಕ್ಕೆ ಮಾತ್ರ ಶಾಸ್ತ್ರದಲ್ಲಿ ಅಡ್ಡಿಯಿಲ್ಲವೆಂದು ನನಗೆ ತಿಳಿದದ್ದು ಅಂದೇ.

ಬೇಕರಿಯವರಿಗೆ ನಗು ತಡೆಯಲಾಗದೆ ಚಹಾ ನೆತ್ತಿಗೇರಿತು. “ಸಾವ್ಕಾರ್ರೆ, ನಮ್ಮ ಚರ್ಚಿನ ಹೆಂಗಸ್ರು ಭಾನುವಾರ ರೇಷ್ಮೆ ಸೀರೆ ಉಟ್ಕಂಡು ಬರ್ತಾರೆ. ನೀವು ನಮಗಿಂತ ದೊಡ್ಡ ಕ್ರಿಶ್ಚನ್ ಆಗಿಬಿಟ್ರಲ್ಲ!”

“ಇರ್ಲಿ ಬಿಡಿ. ಫೀ ಕಟ್ಟೋರು ನಾವು,” ಎಂದರು ಅಣ್ಣ. ಆ ಮಾತಿಗೆ ಕೋಣೆಯಲ್ಲಿ ಯಾರೂ ನಗಲಿಲ್ಲ. ನಮ್ಮೆಲ್ಲರ ಸಂಬಳ ಬರುತ್ತಿದ್ದದ್ದು ಅದರಿಂದಲೇ. ನಡಾವಳಿಯಲ್ಲಿ ನಾನು ‘ಮುಖ್ಯಾಧ್ಯಾಪಕಿಯ ವಿಷಯ ಚರ್ಚಿಸಲಾಯಿತು’ ಎಂದು ಬರೆದೆ.

ಇಬ್ಬರೂ ಹೋದ ಮೇಲೆ ಪಾಸ್ಟರು ನನ್ನನ್ನು ತಡೆದರು. ನನಗೆ ಅವರ ಮೇಲೆ ಭರವಸೆಯಿತ್ತು. ಅವರು ಕಿಟಕಿ ನೋಡುತ್ತ, ಬಹಳ ಸಣ್ಣ ದನಿಯಲ್ಲಿ ಹೇಳಿದರು:

“ಟೀಚರ್, ಕುಂಕುಮದ ಮಾತು ಬಿಟ್ಟಬಿಡ್ರಿ, ಅದು ತಪ್ಪು. ಆದ್ರ ಸೀರಿ… ಪೂರ್ತಿ ಬಿಳೀದ ಬ್ಯಾಡ. ಕೆನಿ ಬಣ್ಣದ್ದು ಉಟ್ಟರೂ ನಾ ಹೆಂಗರ ಒಪ್ಪಸ್ತೇನ್ರಿ.”

ನೆಂಟರ ಮನೆಯ ಮದುವೆಗಳಲ್ಲಿ ಈ ಕತೆ ಹೇಳುವಾಗ ನಾನು ಇಲ್ಲಿ, “ಪಾಸ್ಟ್ರೇ, ಪ್ರೀತಿಯ ಬಣ್ಣ ಯಾವುದು?” ಎಂದು ಕೇಳುತ್ತೇನೆ. ಎಲ್ಲರೂ ತಲೆದೂಗುತ್ತಾರೆ. ಅಂದು ಹಾಗೆ ಕೇಳಿರಲಿಲ್ಲ. ಆ ಮಾತು ಹೊಳೆದದ್ದು ಬಹಳ ದಿನಗಳ ಮೇಲೆ, ಯಲ್ಲಾಪುರದ ಬಸ್ಸಿನಲ್ಲಿ, ನಿಂತುಕೊಂಡು ಹೋಗುವಾಗ. ಅಂದು ನಾನು ಹೇಳಿದ್ದು, “ಆಗೂದಿಲ್ಲ” ಎಂದಷ್ಟೇ. ದನಿಯೂ ಗಟ್ಟಿಯಿರಲಿಲ್ಲ. ಪಾಸ್ಟರು “ಹೋಗ್ಲಿ ಬಿಡ್ರಿ” ಎಂದು ನಿಟ್ಟುಸಿರಿಟ್ಟರು. ಅದು ನೋವಿನ ನಿಟ್ಟುಸಿರೋ, ಹಗುರಾದದ್ದೋ, ಇವತ್ತಿಗೂ ತೀರ್ಮಾನಿಸಲಾಗಿಲ್ಲ.

ಜೂನಿನಲ್ಲಿ ಹೊಸ ಮುಖ್ಯಾಧ್ಯಾಪಕಿ ಬಂದರು. ಕರಾವಳಿಯ ಹುಡುಗಿ, ಕಾಲೇಜು ಮುಗಿಸಿ ಹೆಚ್ಚು ದಿನವಾದಂತಿರಲಿಲ್ಲ. ಗಂಜಿ ಹಾಕಿದ ಬಿಳಿ ಸೀರೆಯಲ್ಲಿ ಹೆಜ್ಜೆಗೊಮ್ಮೆ ಎಡವುತ್ತಿದ್ದಳು. ಅಣ್ಣ ಆಫೀಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ಕೈಮುಗಿದರು.

ಅವರು ಹೋದ ಮೇಲೆ ಹುಡುಗಿ ನನ್ನನ್ನು ಕರೆದು ಒಂದು ಹಾಳೆ ಮುಂದಿಟ್ಟಳು. “ಟೀಚರ್, ವೇಳಾಪಟ್ಟಿ ಹಾಕಿದ್ದೇನೆ, ಆದರೆ ಎಲ್ಲಿಯೋ ತಪ್ಪಿದೆ. ಸ್ವಲ್ಪ ತೋರಿಸಿಕೊಡ್ತೀರಾ?”

‘ಅದು ಮುಖ್ಯಾಧ್ಯಾಪಕಿಯ ಕೆಲಸ’ ಎಂದು ಹೇಳಿ ಎದ್ದುಹೋದೆ ಎಂದು ಬರೆದರೆ ಎಷ್ಟು ಚೆನ್ನಾಗಿರುತ್ತದೆ. ಎದ್ದುಹೋಗಲಿಲ್ಲ. ಅವಳು ಎರಡನೇ ಇಯತ್ತೆಯ ಲೆಕ್ಕವನ್ನು ಊಟವಾದ ತಕ್ಷಣದ ಪೀರಿಯಡ್ಡಿಗೆ ಹಾಕಿದ್ದಳು. ಎರಡನೇ ಇಯತ್ತೆ ನನ್ನದು. ಕುಸುಬಲಕ್ಕಿ ಅನ್ನ ಉಂಡು ಬಂದ ಮಕ್ಕಳು ಆ ಹೊತ್ತಿನಲ್ಲಿ ಬೆಂಚಿನ ಮೇಲೇ ನಿದ್ದೆಹೋಗುತ್ತವೆ. ಕುರ್ಚಿ ಎಳೆದುಕೊಂಡೆ, ಪೆನ್ಸಿಲ್ ಕೇಳಿದೆ.