ಉತ್ತರಕ್ಕೆ ತಲೆ ಹಾಕದ ನಾಯಿಗಳು

ಕಡೂರು ಬಸ್‌ಸ್ಟ್ಯಾಂಡಿನಲ್ಲಿ ಮಲ್ಲಿಕಾಂಬಕ್ಕ ಹೂವಿನ ಬುಟ್ಟಿ ಇಡುವ ಜಾಗಕ್ಕೂ ನನ್ನ ವಾಚ್ ರಿಪೇರಿ ಪೆಟ್ಟಿಗೆಗೂ ನಡುವೆ ಇರುವುದು ಒಂದು ಕಂಬ ಮಾತ್ರ. ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದೇನೆ, ಅವರು ಹೂವು ಅಳೆದರೆ ಮಾರಿಗೆ ಒಂದು ಗೇಣು ಹೆಚ್ಚೇ ಇರುತ್ತದೆ. ಕಡಿಮೆ ಹೋದರೆ ಪಾಪ ಸುತ್ತಿಕೊಳ್ಳುತ್ತದೆ ಎಂಬ ಭಯ. ಅಂಥವರ ಕೈಯಲ್ಲೂ ಒಂದು ತಪ್ಪಾಯಿತು. ಅದರಲ್ಲಿ ನನ್ನ ಪಾಲೇ ಹೆಚ್ಚು, ಅದನ್ನೂ ಈಗಲೇ ಹೇಳಿಬಿಡುತ್ತೇನೆ.

ಕಳೆದ ಬೇಸಿಗೆಯಲ್ಲಿ ಸ್ಫೂರ್ತಿ ಎಂಬ ಹುಡುಗಿ ಬಂದಳು. ತರೀಕೆರೆಯವಳು, ಶಿವಮೊಗ್ಗದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ವಿಷಯ, ಬೀದಿನಾಯಿ. ನಾಯಿಗಳು ಕಕ್ಕಸಿಗೆ ಕೂರುವಾಗ ಉತ್ತರ-ದಕ್ಷಿಣ ನೋಡಿಕೊಂಡು ಕೂರುತ್ತವೆ ಎಂದು ಹೊರದೇಶದವರು ಬರೆದಿದ್ದಾರಂತೆ. ನಾಯಿಯ ಹಿಂದೆ ದಿಕ್ಸೂಚಿ ಹಿಡಿದು ನಿಂತ ಆ ವಿದ್ವಾಂಸರನ್ನು ನೆನೆದು ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಹಾಗಾದರೆ ಮಲಗುವಾಗ ತಲೆ ಯಾವ ದಿಕ್ಕಿಗೆ ಹಾಕುತ್ತವೆ ಎಂಬುದು ಇವಳ ಪ್ರಶ್ನೆ. ಬಸ್‌ಸ್ಟ್ಯಾಂಡಿನಲ್ಲಿ ಐದು ನಾಯಿ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಅವು ಮಲಗಿದ್ದನ್ನು ಮಲ್ಲಿಕಾಂಬಕ್ಕ ನೋಡಿ ಹೇಳಬೇಕು, ನಾನು ಪುಸ್ತಕದಲ್ಲಿ ಬರೆಯಬೇಕು. ಅಕ್ಕನ ಕೈ ಸದಾ ಒದ್ದೆ, ಬಾಳೆನಾರು ಬಿಟ್ಟು ಪೆನ್ನು ಹಿಡಿಯಲಾಗದು.

ಎರಡನೇ ದಿನವೇ ಯಡವಟ್ಟು ಶುರುವಾಯಿತು. ರಾಣಿ ಎಂಬ ಮುದಿ ಹೆಣ್ಣುನಾಯಿ ಉತ್ತರಕ್ಕೆ ತಲೆ ಹಾಕಿ ಮಲಗಿತು. ಅಕ್ಕ ದಡಬಡಿಸಿ ಎದ್ದರು.

"ಏಳೇ ರಾಣಿ, ಏಳು! ಉತ್ರುಕ್ಕೆ ತಲೆ ಹಾಕಾದು ಹೆಣ ಕಣೇ! ಗಣಪತಿಗೆ ತಲೆ ಕೊಟ್ಟ ಆನೆ ಕಥೆ ಗೊತ್ತಿಲ್ವಾ ನಿಂಗೆ?"

ಎಬ್ಬಿಸಿ, ಕುತ್ತಿಗೆ ಹಿಡಿದು ಪೂರ್ವಕ್ಕೆ ತಿರುಗಿಸಿ ಮಲಗಿಸಿದರು. ನಿದ್ದೆ ಕೆಡಿಸಿದ ಪಾಪಕ್ಕೆ ಒಂದು ಚೂರು ಬನ್ನು. ಆಮೇಲೆ ನನ್ನ ಕಡೆ ತಿರುಗಿ, "ಬರ್ಕಳಿ ಮುನೀರ್ ಸಾಬ್ರೆ, ಪೂರ್ವ" ಎಂದರು.

ನಾನು ಬರೆದೆ. ಮೂಢನಂಬಿಕೆ ಎಂದು ಒಳಗೊಳಗೇ ನಗುತ್ತಾ ಬರೆದೆ. ನಮ್ಮಲ್ಲೂ ಮಣ್ಣಿಗಿಡುವಾಗ ತಲೆ ಉತ್ತರಕ್ಕೇ ಇಡುವುದು, ಆದರೆ ನಾಯಿಗೆ ಅದೆಲ್ಲ ಯಾಕೆ? ಹುಡುಗಿಗೆ ಒಂದು ಮಾತು ಹೇಳಬೇಕು ಎಂದು ಅನ್ನಿಸಿದ್ದು ನಿಜ. ಹೇಳಿದರೆ ಪುಸ್ತಕ ವಾಪಸು ಹೋಗುತ್ತದೆ. ಕಣ್ಣಿಗೆ ಭೂತಗನ್ನಡಿ ಹಾಕಿಕೊಂಡು ಮುಳ್ಳು ಕೂರಿಸುವ ನನ್ನನ್ನು ಅವಳು "ನಮ್ಮ ಫೀಲ್ಡ್ ಅಸಿಸ್ಟೆಂಟ್" ಎಂದು ಫೋನಿನಲ್ಲಿ ಯಾರಿಗೋ ಹೇಳಿದ್ದಳು. ಆ ಹೆಸರಿನ ಆಸೆಗೆ ಬಾಯಿ ಮುಚ್ಚಿಕೊಂಡೆ. ಐದರಲ್ಲಿ ಯಾವ ನಾಯಿ ಉತ್ತರಕ್ಕೆ ತಲೆ ಹಾಕಿದರೂ ಅಕ್ಕ ಎಬ್ಬಿಸಿ ತಿರುಗಿಸುವುದು, ಬನ್ನು ಕೊಡುವುದು, ನಾನು ಬರೆಯುವುದು. ಮೂರು ತಿಂಗಳು ಮುಚ್ಚಿಕೊಂಡೇ ಇದ್ದೆ.

ಕೊನೆಗೆ ಸ್ಫೂರ್ತಿ ಪೇಡ ಹಿಡಿದು ಕುಣಿಯುತ್ತಾ ಬಂದಳು. ಬರುವ ಸೋಮವಾರ ಮೈಸೂರಿನಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳ ಮುಂದೆ ಮಾತಾಡುತ್ತಾಳಂತೆ.

"ನಾನೂರ ಹನ್ನೆರಡು ಸಲ ಬರ್ದಿದೀರ ಅಂಕಲ್, ಉತ್ತರ ಒಂದೇ ಒಂದು ಸಲಾನೂ ಇಲ್ಲ! ನಮ್ಮ ಗೈಡ್ ನಂಬ್ತಾನೇ ಇಲ್ಲ!"

ಕೈಯಲ್ಲಿದ್ದ ಪೋಸ್ಟರ್ ಬಿಚ್ಚಿದಳು. ಕೆಳಗೆ ಕೃತಜ್ಞತೆ ಎಂದು ಬರೆದು ನಮ್ಮಿಬ್ಬರ ಫೋಟೋ, ಹೆಸರು. ಅದನ್ನು ನನ್ನ ಪೆಟ್ಟಿಗೆಯ ಮೇಲೆ ಹರಡಿಟ್ಟು ಅವಳು ನೀರಿನ ಬಾಟಲಿ ತರಲು ಅಂಗಡಿಗೆ ಹೋದಳು. ಮಲ್ಲಿಕಾಂಬಕ್ಕನ ಕೈಯಲ್ಲಿ ಸೇವಂತಿಗೆ ಹಾಗೇ ನಿಂತಿತ್ತು.

"ಸಾಬ್ರೆ, ಆ ಮಗು ಸೋಮವಾರ ದೊಡ್ಡೋರ ಮುಂದೆ ನಗೆಪಾಟ್ಲಾಗುತ್ತೆ ಕಣ್ರೀ. ನಾನು ಮಾಡಿದ್ದಕ್ಕೆ. ಹೇಳ್ಬಿಡ್ಲಾ?"

"ಸುಮ್ನಿರಕ್ಕ," ಎಂದೆ. "ನಾಯಿ ಬಂದು ಸಾಕ್ಷಿ ಹೇಳುತ್ತಾ?"

ನಾಯಿ ಬಂತು. ಸ್ಫೂರ್ತಿ ವಾಪಸು ಬರುವ ಹೊತ್ತಿಗೆ ರಾಣಿ ಕಂಬದ ಹತ್ತಿರ ಬಂದು ಸರಿಯಾಗಿ ಉತ್ತರಕ್ಕೆ ತಲೆ ಹಾಕಿ ಮಲಗಿತು. ಮಲಗಿ, ಒಂದು ಕಣ್ಣು ತೆರೆದು ಅಕ್ಕನನ್ನು ನೋಡಿತು. ಅಕ್ಕ ಏಳಲಿಲ್ಲ. ರಾಣಿ ಎದ್ದು, ಇನ್ನೂ ಹತ್ತಿರ ಬಂದು, ಮತ್ತೆ ಉತ್ತರಕ್ಕೇ ಬಿದ್ದುಕೊಂಡು, ಬಾಲದಿಂದ ನೆಲ ಬಡಿಯಿತು. ಹೀಗೆ ಮಲಗಿದರೆ ಬನ್ನು ಸಿಗುತ್ತದೆಂದು ಅದು ಯಾವಾಗಲೋ ಕಲಿತುಬಿಟ್ಟಿತ್ತು.

"ಅದ್ಯಾಕಮ್ಮ ನಿಮ್ಮನ್ನೇ ನೋಡ್ತಿದೆ?" ಸ್ಫೂರ್ತಿ ಕೇಳಿದಳು.

ಅಕ್ಕ ಅತ್ತುಬಿಟ್ಟರು. ಅಳುತ್ತಲೇ ಎಲ್ಲವನ್ನೂ ಹೇಳಿದರು, ಗಣಪತಿಯ ಆನೆಯನ್ನೂ ಬಿಡದೆ. ಹುಡುಗಿ ಬೈಯಲಿಲ್ಲ. ಪೋಸ್ಟರನ್ನು ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ನನ್ನ ಕಡೆ ನೋಡಿದಳು.

"ಅಮ್ಮಂಗೆ ಗೊತ್ತಾಗ್ಲಿಲ್ಲ ಬಿಡಿ. ನೀವು ಪಕ್ಕದಲ್ಲೇ ಇದ್ರಲ್ಲ ಅಂಕಲ್?"

ಕೆಟ್ಟ ಗಡಿಯಾರಕ್ಕೆ ನೂರು ಕಾರಣ ಹೇಳುವ ಬಾಯಿ ನನ್ನದು. ಅವತ್ತು ಭೂತಗನ್ನಡಿ ಹಾಕಿಕೊಂಡು ಯಾವುದೋ ವಾಚಿನ ಮೇಲೆ ಬಗ್ಗಿದೆ. ನಾಚಿಕೆಯಿಂದ ಸತ್ತೇ ಹೋಗಬೇಕು ಅನ್ನಿಸಿತು.

ಅವಳು ಮೈಸೂರಿಗೆ ಹೋಗಲಿಲ್ಲ. ತಿಂಗಳ ಮೇಲೆ ಹೊಸ ಪುಸ್ತಕ ತಂದಳು, ಮತ್ತೆ ನಮಗೇ ಕೊಟ್ಟಳು. ಬೇರೆ ಯಾರಿಗಾದರೂ ಕೊಟ್ಟಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಈ ಸಲ ದಿಕ್ಕಿನ ಪಕ್ಕದಲ್ಲಿ ಇನ್ನೊಂದು ಕಾಲಂ ಇತ್ತು: ಎಬ್ಬಿಸಿದವರು ಯಾರು? ಮಲ್ಲಿಕಾಂಬಕ್ಕ ಅದನ್ನು ಶಿಕ್ಷೆ ಎಂದೇ ತಿಳಿದರು. ಯಾವುದಾದರೂ ನಾಯಿ ಉತ್ತರಕ್ಕೆ ತಲೆ ಹಾಕಿದರೆ, ಬೆನ್ನು ತಿರುಗಿಸಿ ಕೂತು, "ಶಿವನೇ, ನೀನೇ ನೋಡ್ಕಳಪ್ಪ" ಎನ್ನುತ್ತಾ ಹೂವು ಕಟ್ಟುತ್ತಿದ್ದರು. ಒಂದು ದಿನವೂ ಏಳಲಿಲ್ಲ.

ಮೊನ್ನೆ ಅವರು ನೆಂಟರ ಮದುವೆಗೆಂದು ಚೌಳಹಿರಿಯೂರಿಗೆ ಹೋಗಿದ್ದರು. ರಾಣಿ ಉತ್ತರಕ್ಕೆ ತಲೆ ಹಾಕಿ ಮಲಗಿತು. ಅಕ್ಕ ಇಲ್ಲದ್ದರಿಂದ ಯಾರನ್ನೂ ನೋಡಲಿಲ್ಲ, ಕಣ್ಣು ಮುಚ್ಚಿತು. ನಾನು "ಉತ್ತರ" ಎಂದು ಬರೆದೆ. ವಾಚಿನ ಕೆಲಸಕ್ಕೆ ಕೂತೆ. ರಾಣಿಯ ಹೊಟ್ಟೆ ಏಳುತ್ತಿದೆಯೋ ಇಲ್ಲವೋ ಎಂದು ಮೂರು ಸಲ ಬಗ್ಗಿ ನೋಡಿದೆ. ನಾಲ್ಕನೇ ಸಲ ಬೇಕರಿಗೆ ಹೋಗಿ ಬನ್ನು ತಂದೆ. ಎಬ್ಬಿಸಿದೆ, ಪೂರ್ವಕ್ಕೆ ತಿರುಗಿಸಿದೆ.

ಆಮೇಲೆ ಪುಸ್ತಕ ತೆಗೆದು, ಅಷ್ಟು ದಿನ ಖಾಲಿ ಇದ್ದ ಆ ಕಾಲಂನಲ್ಲಿ ಬರೆದೆ: ಮುನೀರ್ ಪಾಷಾ.