ರಟ್ಟಿನೊಳಗಿನ ಹದಿನಾರು ಹಾಳೆ

ನನ್ನ ಅಕ್ಕ ಬರೆದದ್ದನ್ನು ನಾನು ಓದಲಿಲ್ಲ. ಓದದೆಯೇ ಅದಕ್ಕೆ ಅಂಟು ಸವರಿದೆ. ನಲವತ್ತು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟಿ ಬದುಕಿದವನು ನಾನು. ಕೆಲಸದ ನೆನಪು ಹೇಳಲು ಕೂತಾಗಲೆಲ್ಲ ಮೊದಲು ಬರುವುದು ಈ ತಪ್ಪೇ, ಹಾಗಾಗಿ ಅದರಿಂದಲೇ ಶುರು ಮಾಡುತ್ತೇನೆ.

1938ರಲ್ಲಿ ಅಪ್ಪ ತೀರಿಕೊಂಡ ಮೇಲೆ ಆಳಂದದ ನಮ್ಮ ಅಂಗಡಿ ನನ್ನ ಕೈಗೆ ಬಂತು. ಆಗ ನನಗೆ ಹತ್ತೊಂಬತ್ತು ವರ್ಷ. ಅಂಗಡಿ ಎಂದರೆ ಮನೆಯ ಪಡಸಾಲೆಯಷ್ಟೆ: ಪುಸ್ತಕ ಒತ್ತಿಡುವ ಮರದ ಪ್ರೆಸ್ಸು, ಸೂಜಿ, ದಾರ, ಅಂಟಿನ ಗಡಿಗೆ. ಕಚೇರಿಯ ಉರ್ದು ದಫ್ತರಗಳು ಬರುತ್ತಿದ್ದವು. ಜಿಡಗಾ, ನರೋಣಾ ಕಡೆಯ ಮನೆಗಳಿಂದ ಹರಿದ ಪುರಾಣದ ಹೊತ್ತಿಗೆಗಳು ಬರುತ್ತಿದ್ದವು. ನಾನು ಓದಿದ್ದು ಮೂರನೇ ಇಯತ್ತೆ. ಅದೂ ಉರ್ದು ಶಾಲೆ. ಕನ್ನಡ ಅಪ್ಪನಿಂದ ಮನೆಯಲ್ಲಿ ಕಲಿತದ್ದು.

ನಮ್ಮ ಕಸುಬಿನಲ್ಲಿ ಹೊಲಿಗೆಗಿಂತ ಮೊದಲಿನ ಕೆಲಸ ಪುಟ ಹೊಂದಿಸುವುದು. ಬಿಡಿಯಾದ ಹಾಳೆಗಳನ್ನು ಸರಿಯಾದ ಸಾಲಿನಲ್ಲಿ ಕೂಡಿಸಬೇಕು. ನಾನು ಮೂಲೆಯ ಅಂಕಿ ನೋಡಿ ಹೊಂದಿಸುತ್ತಿದ್ದೆ. ನನಗಿಂತ ಮೂರು ವರ್ಷಕ್ಕೆ ದೊಡ್ಡವಳಾದ ಅಕ್ಕ ಗುರುಬಾಯಿ, ಒಂದು ಪುಟದ ಕೊನೆಯ ಮಾತು ಓದಿ, ಅದಕ್ಕೆ ಕೂಡುವ ಮಾತು ಯಾವ ಪುಟದಲ್ಲಿದೆ ಎಂದು ಹುಡುಕುತ್ತಿದ್ದಳು. ಆಕೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಓದು ಕಲಿತದ್ದೇ ಹೀಗೆ. "ತಡಾ ಮಾಡ್ತಾಳ" ಎಂದು ನಾನು ಅಪ್ಪನಿಗೆ ಚಾಡಿ ಹೇಳುತ್ತಿದ್ದೆ.

1943ರ ಬೇಸಿಗೆಯಲ್ಲಿ ಅಕ್ಕ ಜೇವರ್ಗಿಯ ಗಂಡನ ಮನೆಯಿಂದ ಬಾಣಂತನಕ್ಕೆ ಬಂದಳು. ಅದೇ ಹೊತ್ತಿಗೆ ಅಫಜಲಪುರದ ಒಂದು ವಾಚನಾಲಯದಿಂದ ನಾಲ್ಕು ತೆಳ್ಳನೆ ಕನ್ನಡ ಪುಸ್ತಕ ಬಂದಿದ್ದವು. ತೆಳ್ಳನೆಯವನ್ನು ಬೇರೆಬೇರೆ ಕಟ್ಟಿದರೆ ರಟ್ಟು, ಬಟ್ಟೆ ದಂಡ. ಒಂದೇ ಅಳತೆಯವನ್ನು ಕೂಡಿಸಿ ಒಂದೇ ಕಟ್ಟು ಮಾಡುವುದು ನಮ್ಮ ರೂಢಿ. ನಾನು ನಾಲ್ಕನ್ನೂ ಹೊಲಿದೆ. ರಟ್ಟು ಮಾತ್ರ ಸಿಗಲಿಲ್ಲ. ಯುದ್ಧದ ಕಾಲ, ಸೊಲ್ಲಾಪುರದಿಂದ ಬರುವ ಮಾಲು ನಿಂತಿತ್ತು. ಹೊಲಿದ ಕಟ್ಟು ಗೂಡಿನಲ್ಲಿ ಐದು ತಿಂಗಳು ಹಾಗೆಯೇ ಉಳಿಯಿತು.

ಅಕ್ಕ ಕೂಸನ್ನು ತೊಟ್ಟಿಲಿಗೆ ಹಾಕಿ, ಒಂದು ಕೈಯಲ್ಲಿ ತೂಗುತ್ತ, ಇನ್ನೊಂದರಲ್ಲಿ ಆ ಕಟ್ಟು ಹಿಡಿದು ಓದಿದಳು. ಒಂದು ಸಲವಲ್ಲ, ಮೂರು ಸಲ.

"ಸಿದ್ರಾಮಾ, ಇವನ್ನ ಹಿಂಗ ಒಂದರ ಹಿಂದ ಒಂದು ಜೋಡಿಸಿದಾಂವ ಯಾರೋ?"

"ನಾನೇ. ಯಾಕ?"

"ಏನು ನೋಡಿ ಜೋಡಿಸಿದಿ?"

"ಅಳತಿ ನೋಡಿ. ಮತ್ತೇನು ನೋಡ್ತಾರ?"

ಅಕ್ಕ ಕೂಸು ಏಳುವಂತೆ ನಕ್ಕಳು. "ಛಲೋ ಆತು ಬಿಡು. ನೀ ಓದಿದ್ದರ ಕೆಡಿಸ್ತಿದ್ದಿ."

ಆಮೇಲೆ ಆಕೆ ಬರೆಯತೊಡಗಿದಳು. ಹಣತೆಯ ಕಾಡಿಗೆಗೆ ಅರಗು, ಬಿಳಿಗಾರ ಹಾಕಿ ಕುದಿಸಿ ಅಪ್ಪ ಮಾಡುತ್ತಿದ್ದ ಮಸಿಯನ್ನು ತಾನೇ ಮಾಡಿಕೊಂಡಳು. ಹದಿನಾರು ಹಾಳೆಯ ನೋಟುಬುಕ್ಕು ಎರಡೂ ಬದಿ ತುಂಬಿತು. ಜೇವರ್ಗಿಗೆ ಹೊರಟಾಗ ಅದನ್ನು ನನ್ನ ಕೈಗಿಟ್ಟು, "ಇದಕ್ಕೂ ಒಂದು ರಟ್ಟು ಹಾಕಿ ಕಳಸು. ಹಾಕೂಕ್ಕಿಂತ ಮೊದಲ ಒಂದಿಷ್ಟು ಓದಿ ನೋಡು" ಅಂದಳು. ನಾನು ಹೂಂ ಅಂದೆ.

ಎರಡು ವಾರದ ಮೇಲೆ ವಾಚನಾಲಯ ನಡೆಸುವ ನಾಗಪ್ಪ ಮಾಸ್ತರರು ತಾವೇ ಬಂದರು. "ಏನ್ರಿ ಸಿದ್ರಾಮಪ್ಪ, ನಮ್ಮ ಪುಸ್ತಕಾನೂ ನಿಮ್ಮ ಮನ್ಯಾಗ ಬಾಣಂತನಕ್ಕ ಕುಂತಾವೇನು? ಮಂದಿ ದಿನಾ ಕೇಳಾಕತ್ತಾರ್ರಿ. ನಾಳಿಗೆ ಒಯ್ಯಾಂವ ನಾನು."

ನಾಚಿಕೆಯಾಯಿತು. ರಟ್ಟು ಇಲ್ಲದಾಗ ಹಳೆಯ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ಒತ್ತಿ, ಒಣಗಿಸಿ ರಟ್ಟು ಮಾಡುವ ಪದ್ಧತಿಯಿದೆ. ಆದರೆ ರದ್ದಿಗೂ ಆಗ ಬರ. ಗೂಡಿನಲ್ಲಿ ಅಕ್ಕನ ನೋಟುಬುಕ್ಕು ಇತ್ತು. ತೆಗೆದು ಕಟ್ಟಿನ ಮೇಲೆ ಇಟ್ಟು ನೋಡಿದೆ. ಅಳತೆ ಸರಿಯಾಗಿ ಕೂತಿತು. ಬರೆದದ್ದೇ ತಾನೆ, ಕೇಳಿದರೆ ಇನ್ನೊಮ್ಮೆ ಬರೆಯುತ್ತಾಳೆ ಅಂದುಕೊಂಡೆ. ಹೊಲಿಗೆ ಬಿಚ್ಚಿ, ಮೇಲಿನ ರಟ್ಟಿಗೆ ಎಂಟು ಹಾಳೆ, ಕೆಳಗಿನದಕ್ಕೆ ಎಂಟು ಹಾಳೆ ಅಂಟಿಸಿದೆ. ಮೇಲೆ ಕೆಂಪು ಬಟ್ಟೆ ಎಳೆದೆ. ಮಾಸ್ತರರು ತಟ್ಟಿ ನೋಡಿ, "ಭಾಳ ಗಟ್ಟಿ ಆಗ್ಯಾದ ನೋಡ್ರಿ" ಎಂದು ಹೊಗಳಿ ಒಯ್ದರು.

ಹತ್ತು ದಿನಕ್ಕೆ ಜೇವರ್ಗಿಯಿಂದ ಕಾರ್ಡು ಬಂತು. ಅಲ್ಲಿ ಊರವರೇ ಕೂಡಿ ಹೆಣ್ಣುಮಕ್ಕಳಿಗೆ ಒಂದು ಕನ್ನಡ ಶಾಲೆ ತೆಗೆಯುವವರಿದ್ದರು. ಕಲಿಸಲು ಹೆಂಗಸೇ ಬೇಕು. ಅಕ್ಕ ಹೋಗಿ ಕೇಳಿದ್ದಳು. ಸರ್ಟಿಫಿಕೇಟು ಇಲ್ಲದಿದ್ದರೆ ಬರೆದದ್ದು ಏನಾದರೂ ಎಂಟು ದಿನದೊಳಗೆ ತಂದು ತೋರಿಸಿ ಅಂದಿದ್ದರು. ನೋಟುಬುಕ್ಕು ಕೂಡಲೇ ಕಳಿಸು ಎಂದು ಕಾರ್ಡಿನಲ್ಲಿತ್ತು.

ಅಫಜಲಪುರಕ್ಕೆ ಹೋಗಿ ನಿಜ ಹೇಳಿ, ಕಟ್ಟು ಬಿಚ್ಚಿ ತರಬಹುದಿತ್ತು. ಕಸುಬುದಾರನ ಮಾನ ಹೋಗುತ್ತದೆ ಎಂದು ಹೆದರಿದೆ. 'ಗೆದ್ದಲು ತಿಂದಿತು' ಎಂದು ಉತ್ತರ ಬರೆದೆ.

ನನ್ನ ಅಂಟಿಗೆ ಮೈಲುತುತ್ತ ಬೆರೆಸುತ್ತೇನೆ, ನನ್ನ ಅಂಗಡಿಯ ಗೋಡೆಗೂ ಹುಳ ಹತ್ತುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದವನು ನಾನೇ. ಅಕ್ಕನ ಮರುಕಾರ್ಡಿನಲ್ಲಿ ಒಂದೇ ಸಾಲು ಇತ್ತು: 'ನಿನ್ನ ಮೈಲುತುತ್ತಕ್ಕ ಹೆದರದ ಗೆದ್ದಲು ಯಾವ ಊರಿಂದ ಬಂತೋ ತಮ್ಮಾ?'

ಮತ್ತೆ ಬರೆಯಲು ಆಕೆಯ ಬಳಿ ಆ ಪುಸ್ತಕಗಳಿರಲಿಲ್ಲ. ಮಡಿಲಲ್ಲಿ ಕೂಸಿತ್ತು. ಗಡುವು ದಾಟಿತು. ಗುಲ್ಬರ್ಗಾದಿಂದ ಸರ್ಟಿಫಿಕೇಟು ಇದ್ದ ಒಬ್ಬರು ಬಂದು ಆ ಕೆಲಸ ಹಿಡಿದರು. ಅಕ್ಕ ತನ್ನ ಮನೆಯ ಕಟ್ಟೆಯ ಮೇಲೆ ಓಣಿಯ ಏಳೆಂಟು ಹುಡುಗಿಯರಿಗೆ ಓದು ಹೇಳಿಕೊಡತೊಡಗಿದಳು. ಹಬ್ಬಕ್ಕೆ ಹೋದಾಗಲೆಲ್ಲ ಹೋಳಿಗೆ ಬಡಿಸುತ್ತಿದ್ದಳು. ನೋಟುಬುಕ್ಕಿನ ಮಾತು ಆಕೆ ಎತ್ತಲಿಲ್ಲ. ನಾನಂತೂ ಎತ್ತಲಿಲ್ಲ.

1949ರಲ್ಲಿ ಆ ಕೆಂಪು ಕಟ್ಟು ನನ್ನ ಅಂಗಡಿಗೆ ವಾಪಸು ಬಂತು. ಆರು ವರ್ಷ ನೂರಾರು ಕೈ ದಾಟಿ ಬೆನ್ನಿನ ಬಟ್ಟೆ ಸವೆದು ಹೋಗಿತ್ತು. ಮೂಲೆಗಳು ಅರಳಿದ್ದವು. ಒಳಗಿನ ಹೊಲಿಗೆ ಮಾತ್ರ ಒಂದು ಎಳೆಯೂ ಸಡಿಲಾಗಿರಲಿಲ್ಲ. "ಇದರಷ್ಟು ಓದಿಸಿಕೊಂಡ ಪುಸ್ತಕ ನಮ್ಮಲ್ಲಿ ಇನ್ನೊಂದಿಲ್ರಿ" ಅಂದರು ನಾಗಪ್ಪ ಮಾಸ್ತರರು. ಅದೇ ವಾರ ಅಕ್ಕನ ಗಂಡ ಬಂದವರು, ಶಾಲೆಯ ಜಾಗ ಖಾಲಿಯಾಗಿದೆ, ಮತ್ತೆ ಕರೆದಿದ್ದಾರೆ, ಬರಹ ಕೇಳಿದ್ದಾರೆ, ಈಕೆ 'ನನ್ನ ಹತ್ತಿರ ಏನಿದೆ ತೋರಿಸಲಿಕ್ಕೆ' ಎಂದು ಕೂತುಬಿಟ್ಟಿದ್ದಾಳೆ ಎಂದು ಹೇಳಿ ಹೋದರು. ಸೋಮವಾರ ಕೊನೆಯ ದಿನ.

ನಾನು ಎರಡೂ ರಟ್ಟು ಕಳಚಿ ಪರಾತದ ನೀರಿನಲ್ಲಿ ಮುಳುಗಿಸಿದೆ. ಪೇಟೆಯಲ್ಲಿ ಕೊಂಡ ನೀಲಿ ಮಸಿಯಾಗಿದ್ದರೆ ಎಲ್ಲ ತೊಳೆದು ಹೋಗುತ್ತಿತ್ತು. ಅರಗಿನ ಮಸಿ ಅಲುಗಲಿಲ್ಲ. ಅಂಟು ಕರಗಿ ಹಾಳೆಗಳು ಒಂದೊಂದಾಗಿ ಬಿಡತೊಡಗಿದವು. ಕೂಸಿಗೆ ನೀರು ಹಾಕುವಷ್ಟು ಮೆಲ್ಲಗೆ ಬಿಡಿಸಿದೆ. ಎರಡು ಹಾಳೆಯ ಅಂಚು ಹರಿದವು. ಹದಿನಾಲ್ಕು ಹಾಳೆ ಹಾಗೆಯೇ ಬಂದವು. ದಾರದ ಮೇಲೆ ನೇತು ಹಾಕಿ ಒಣಗಿಸಿದೆ.

ಒಣಗಿದ ಮೇಲೆ ಗೊತ್ತಾಯಿತು, ಅಕ್ಕ ಪುಟಗಳಿಗೆ ಅಂಕಿ ಹಾಕಿರಲಿಲ್ಲ. ಆಕೆಗೆ ಅಂಕಿ ಎಂದೂ ಬೇಕಾಗಿರಲಿಲ್ಲವಲ್ಲ. ಹೊಂದಿಸಬೇಕಾದರೆ ನಾನು ಓದಲೇಬೇಕಾಯಿತು. ಮೂರನೇ ಇಯತ್ತೆಯವನು, ಬೆರಳಿಟ್ಟು, ಒಂದು ಪುಟದ ಕೊನೆಯ ಮಾತಿಗೆ ಇನ್ನೊಂದು ಪುಟದ ಮೊದಲ ಮಾತು ಹುಡುಕುತ್ತ ಇಡೀ ದಿನ ಕೂತೆ.

ಆ ನಾಲ್ಕು ಪುಸ್ತಕಗಳಲ್ಲಿ ಏನಿತ್ತೆಂದು ನನಗೆ ತಿಳಿದದ್ದು ಅಕ್ಕನ ಹಾಳೆಗಳಿಂದ. ಮೊದಲನೆಯದು ಒಬ್ಬ ಅರಸನ ಕಥೆ. ಸುತ್ತಲೂ ಹೌದು ಎನ್ನುವವರೇ ತುಂಬಿ, ತನ್ನ ಊರಿನ ಬಾವಿ ಬತ್ತಿದ ಸುದ್ದಿಯೂ ಅವನಿಗೆ ಮುಟ್ಟುವುದಿಲ್ಲ. ಎರಡನೆಯದರಲ್ಲಿ ಯಾತ್ರೆ ಹೊರಟ ಮುದುಕಿಗೆ ಗುಡಿ ಸಮೀಪಿಸುವ ಹೊತ್ತಿಗೆ ಕಣ್ಣು ಹೋಗಿರುತ್ತದೆ. ಮೂರನೆಯದು ಬಯಲಾಟದಲ್ಲಿ ಜನ್ಮವಿಡೀ ರಾಕ್ಷಸನ ವೇಷ ಹಾಕಿದವನದು. ಕೊನೆಯದು ದೋಣಿ ನಡೆಸುತ್ತ ನಕ್ಷತ್ರಗಳ ಲೆಕ್ಕ ಕಲಿತ ಅಂಬಿಗರ ಹುಡುಗಿಯದು. ಅಧಿಕಾರ, ಭಕ್ತಿ, ಕಲೆ, ವಿದ್ಯೆ ಎಂದು ದೊಡ್ಡವರು ಬೇರೆಬೇರೆ ಕಪಾಟಿನಲ್ಲಿ ಇಡುವ ಪುಸ್ತಕಗಳಿರಬೇಕು ಅವು. ಅಕ್ಕ ಹೀಗೆ ಬರೆದಿದ್ದಳು: 'ಅರಸನಿಗೆ ಕೇಳಿಸುವುದಿಲ್ಲ. ಮುದುಕಿಗೆ ಕಾಣಿಸುವುದಿಲ್ಲ, ಆದರೂ ಬಂದೆ ಅನ್ನುತ್ತಾಳೆ. ವೇಷದವನ ಮುಖ ಯಾರೂ ನೋಡುವುದಿಲ್ಲ, ಆದರೂ ಕುಣಿಯುತ್ತಾನೆ. ನೀನು ಇಷ್ಟೇ ಎಂದು ಹೇಳಲು ಹುಡುಗಿಯ ದೋಣಿಯಲ್ಲಿ ಯಾರೂ ಇರಲಿಲ್ಲ. ಅದಕ್ಕೇ ಆಕೆ ಅಷ್ಟು ದೂರ ಹೋದಳು.'

ಕಟ್ಟಕಡೆಗೆ ಉಳಿದ ಪುಟದ ಕೊನೆಗೆ ಈ ಎರಡು ಸಾಲು: 'ಈ ನಾಲ್ಕನ್ನೂ ಒಂದೇ ದಾರದಲ್ಲಿ ಹೊಲಿದವನು ನನ್ನ ತಮ್ಮ. ಅವನು ಓದಿಲ್ಲ, ಅವನ ಕೈ ಓದಿದೆ.'

ಆ ಸಾಲನ್ನು ಬೆರಳಿಟ್ಟು ಇನ್ನೊಮ್ಮೆ ಓದಿದೆ.

ವಾಚನಾಲಯದ ಕಟ್ಟಿಗೆ ಬೇರೆ ರಟ್ಟು ಹಾಕಿದೆ. ಆ ಹದಿನಾರು ಹಾಳೆಗೂ ಹೊಸ ರಟ್ಟು, ಅಂಥದೇ ಕೆಂಪು ಬಟ್ಟೆ ಹಾಕಿದೆ. ಶಾಲೆಯವರು ಅದನ್ನು ಓದಿದರು. ಆಮೇಲಿನ ಹದಿನೇಳು ವರ್ಷ ಅಕ್ಕ ಜೇವರ್ಗಿಯ ಹುಡುಗಿಯರಿಗೆಲ್ಲ ಗುರುಬಾಯಿ ಅಕ್ಕೋರು ಆದಳು. ಕಸುಬು ನನಗೆ ಕಲಿಸಿದ್ದು ಇಷ್ಟೇ: ಅಳತೆ ಕೂಡಿತೆಂದು ಅಂಟು ಸವರಬಾರದು, ಮೊದಲು ಒಂದು ಪುಟವಾದರೂ ಓದಬೇಕು. ಆಮೇಲೆ ನನ್ನ ಅಂಗಡಿಯಲ್ಲಿ ಕೈಬರಹದ ಒಂದು ಚೀಟಿಯೂ ಓದಿಸಿಕೊಳ್ಳದೆ ಅಂಟಿಗೆ ಹೋಗಲಿಲ್ಲ.

ಆದರೆ ನೋಟುಬುಕ್ಕು ಒಪ್ಪಿಸಲು ಹೋದ ಆ ಭಾನುವಾರದ ಮಾತು ಉಳಿದಿದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಅಕ್ಕ ಕಟ್ಟೆಯ ಮೇಲೆ ಹುಡುಗಿಯರಿಗೆ ಪಾಟಿ ತಿದ್ದುತ್ತಿದ್ದಳು. ಕೈಗಿಟ್ಟೆ. ಬಿಚ್ಚಿ ನೋಡಿದಳು. ಒಂದು ಪುಟ, ಇನ್ನೊಂದು ಪುಟ. ಹರಿದ ಅಂಚನ್ನು ಹೆಬ್ಬೆರಳಿನಿಂದ ಸವರಿದಳು.

"ಏನೋ ತಮ್ಮಾ, ಗೆದ್ದಲು ವಾಪಸ್ ಕೊಟ್ಟಿತೇನು?"

ಹುಡುಗಿಯರು ಕಿಸಕ್ಕನೆ ನಕ್ಕರು. ಅಕ್ಕನೂ ನಗುತ್ತಿದ್ದಳು, ಕಣ್ಣು ಮಾತ್ರ ತುಂಬಿತ್ತು. ನಾನೂ ನಕ್ಕು ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ. ಆ ಎಲ್ಲ ಮಕ್ಕಳ ಮುಂದೆ, ಓಣಿಗೆ ಕೇಳುವಂತೆ ಹೇಳಿದೆ:

"ಗೆದ್ದಲಲ್ಲಕ್ಕಾ, ನಾನು. ಓದಲಾರದೇ ರಟ್ಟಿಗೆ ಹಚ್ಚಿದೆ, ಮ್ಯಾಲ ಸುಳ್ಳೂ ಬರದೆ. ಆರು ವರ್ಷ ನಿನ್ನ ಕೈಯಾನ ಹೋಳಗಿ ತಿಂದ್ರೂ ಬಾಯಿ ಬಿಡಲಿಲ್ಲ. ಈಗ ಓದೇನಿ, ಕಡೀ ಪುಟದ ತನಕಾ ಓದೇನಿ. ನಂದು ತಪ್ಪಾತು ಯಕ್ಕಾ."